ಬಿಸಿಲಲ್ಲಿ ಚಂಡಮಾರುತ

1999ರ ಒಡಿಶಾ ಮಹಾಚಂಡಮಾರುತದ ನಡುವೆ ವಾಯುಭಾರ 912 ಮಿಲಿಬಾರಿಗೆ ಕುಸಿದಿತ್ತೆಂದು ಅಂದಾಜು. ಬೆಂಗಳೂರಿನ ಮನೆಯೊಂದರ ಹೊಸ ಹವಾಮಾನ ಯಂತ್ರ ಒಳ್ಳೆಯ ಬಿಸಿಲಿನಲ್ಲೇ 910 ತೋರಿಸಿತು! ಕೊಟ್ಟ ದುಡ್ಡು ದಂಡವಾಯಿತು, ಹಿಂದಿರುಗಿಸೋಣ ಎಂದರು ಅಪ್ಪ. ಹತ್ತನೆಯ ತರಗತಿಯ ಮಗಳು ಬಿಡಲಿಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಏರಿದಷ್ಟೂ ತಲೆಯ ಮೇಲಿನ ಗಾಳಿಯ ಹೊರೆ ಹಗುರ. ಸುಮಾರು ಒಂಬತ್ತು ಮೀಟರಿಗೆ ಒಂದು ಮಿಲಿಬಾರಿನಷ್ಟು. 1648ರಲ್ಲಿ ಪಾಸ್ಕಲನ ಭಾವ ಪೆರಿಯೆ ಪಾದರಸದ ನಳಿಕೆ ಹೊತ್ತು ಫ್ರಾನ್ಸಿನ ಬೆಟ್ಟವೊಂದನ್ನು ಏರಿ ಕಂಡದ್ದೂ ಇದನ್ನೇ. ಊರೂರನ್ನು ಹೋಲಿಸಲು ಅನುಕೂಲವೆಂದು ವರದಿಗಳು ಸಮುದ್ರಮಟ್ಟದ ಲೆಕ್ಕ ಹೇಳುತ್ತವೆ. ಯಂತ್ರಕ್ಕೆ ಆ ನೂರು ಚಿಲ್ಲರೆ ಮಿಲಿಬಾರನ್ನು ಕೂಡಿಸಿಕೊಟ್ಟರಾಯಿತು.

ಎಷ್ಟು ಚಿಲ್ಲರೆ ಎಂಬುದೇ ಪೇಚಾಟ. ಈ ನಾಡಿನಲ್ಲಿ ವಾಯುಭಾರ ದಿನವೂ ಬೆಳಿಗ್ಗೆ ಹತ್ತರ ಹೊತ್ತಿಗೆ ಏರಿ, ಸಂಜೆ ನಾಲ್ಕಕ್ಕೆ ಮೂರ್ನಾಲ್ಕು ಮಿಲಿಬಾರ್ ಇಳಿಯುತ್ತದೆ. ಬೆಳಗಿನ ವರದಿಗೆ ಸಂಜೆಯ ಅಂಕಿಯನ್ನು ಹೊಂದಿಸಿದರೆ ಆ ತಪ್ಪು ಖಾಯಂ. ಹುಡುಗಿ ವಾರವಿಡೀ ಬೆಳಿಗ್ಗೆ ಎಂಟೂವರೆಗೆ, ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಯಂತ್ರ ನೋಡಿದಳು. ವರದಿ ಬಂದಮೇಲೆ ಆ ಅಂಕಿಯನ್ನು ಪಕ್ಕದಲ್ಲಿ ಬರೆದಳು. ವ್ಯತ್ಯಾಸ ಒಂದು ದಿನ 101, ಮಿಕ್ಕ ದಿನಗಳಲ್ಲಿ 102. ಯಂತ್ರಕ್ಕೆ 102 ಕೂಡಿಸಿದಳು. ಮುಂಗಾರಿನ ಇಳಿತಕ್ಕೆಂದು ನೋಟ್‌ಬುಕ್ಕಿನಲ್ಲಿ ಹಾಳೆ ಬಿಟ್ಟಿದ್ದಾಳೆ.