ಸುರಂಗದಾಚೆ ಚಾಕೊಲೇಟ್ ಅಂಗಡಿ

ಪವಾಯಿಯಿಂದ ಹೊರಟ ನಮ್ಮ ತಂಡದ ಸ್ವಿಟ್ಜರ್ಲೆಂಡ್ ಪ್ರವಾಸದಲ್ಲಿ ಅಂದು ಯುಂಗ್‌ಫ್ರಾವ್‌ಯೋಖ್ ದಿನ. ಕ್ಲೈನ ಶೈಡೆಕ್‌ನಲ್ಲಿ ರೈಲು ಬದಲಿಸಿದೆವು. ಹಲ್ಲುಹಳಿ ಹಿಡಿದು ಏರುವ ಈ ರೈಲು ಸುಮಾರು 7 ಕಿ.ಮೀ. ಸುರಂಗದೊಳಗೇ ಓಡುತ್ತದೆ. ಕಾಂಜೂರ್‌ಮಾರ್ಗ್‌ನ ನೂಕುನುಗ್ಗಲಿಗೆ ಒಗ್ಗಿದ ನಮಗೆ ಇಲ್ಲಿ ಕಿಟಕಿ ಸೀಟು ಸಿಕ್ಕಿತು. ಹೊರಗೆ ಮಾತ್ರ ಬರೀ ಕತ್ತಲು!

3,454 ಮೀಟರ್ ಎತ್ತರದಲ್ಲಿ ಹಿಮದ ಜೊತೆಗೆ ಚಾಕೊಲೇಟ್ ಅಂಗಡಿಯೂ ಇದೆ. ಟೂರ್ ಮ್ಯಾನೇಜರ್ ಕೊಟ್ಟದ್ದು ಎರಡು ಗಂಟೆ. ಅರ್ಧ ಸಮಯ ಫ್ರಾಂಕನ್ನು ರೂಪಾಯಿಗೆ ಗುಣಿಸುವುದರಲ್ಲೇ ಹೋಯಿತು. ಮಡಚುವ ಚಾಕು ಕೊಂಡವರಿಗೆ, ವಿಮಾನದಲ್ಲಿ ಅದನ್ನು ಕೈಚೀಲದಲ್ಲಿಡಬೇಡಿ ಎಂದು ಆತ ಎರಡೆರಡು ಸಲ ಹೇಳಿದ.

ಅಂಗಡಿಯ ಅವಸರದಲ್ಲಿ ಹೆಚ್ಚಿನವರು ಸುರಂಗದಾರಿಯ ಗೋಡೆಯನ್ನು ನೋಡಲೇ ಇಲ್ಲ. 1896ರಿಂದ 1912ರವರೆಗೆ ಈ ಬಂಡೆ ಕೊರೆಯುತ್ತ ಸತ್ತ ಕಾರ್ಮಿಕರ ಸ್ಮಾರಕ ಅಲ್ಲಿದೆ. ದುಡಿದವರಲ್ಲಿ ಬಹುಪಾಲು ಇಟಲಿಯಿಂದ ಕೂಲಿಗೆ ಬಂದವರು. ಯೋಜನೆ ಹಾಕಿದ ಗೂಯರ್-ಝೆಲ್ಲರ್ ಕೂಡ 1899ರಲ್ಲೇ ತೀರಿಕೊಂಡರು.

ಊರಿಗೆ ಹೋಗುವಾಗ ಕರ್ಜತ್‌ನ ವಡಾಪಾವ್ ತಿನ್ನುತ್ತ ನಾವು ಏರುವ ಭೋರ್ ಘಾಟ್ ರೈಲುದಾರಿ 1863ರದು. ಅದನ್ನು ಕಟ್ಟುವಾಗ ಸತ್ತವರು ಸಾವಿರಾರು. ಅವರ ಹೆಸರು ಬರೆದ ಫಲಕ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ರೈಲ್ವೆಯಿಂದ ನಿವೃತ್ತರಾದ ನಮ್ಮ ತಂಡದ ಹಿರಿಯರೊಬ್ಬರು ಅಂಗಡಿಗೆ ಬರಲಿಲ್ಲ, ಆ ಸ್ಮಾರಕದ ಮುಂದೆಯೇ ನಿಂತಿದ್ದರು. ಮೊಮ್ಮಕ್ಕಳ ಚಾಕೊಲೇಟನ್ನು ಅವರ ಹೆಂಡತಿ ಕೊಂಡರು.