ಮೇಷ್ಟರು ಕಲಿಸಿದ ಏಟು

ಕನ್ನಡ ಪಾಠ ಹೇಳುವವನಿಗೆ ಬಿ.ಬಿ.ಸಿ.ಯ ಹಳೆಯ ಟೆಲಿವಿಷನ್ ಕಥೆಯ ಗೊಡವೆ ಏಕೆಂದು ನಗುವವರು ನಗಲಿ. 'ಡಾಕ್ಟರ್ ಹೂ' ಮಾಲೆಯಲ್ಲಿ 1963ರ ಡಿಸೆಂಬರಿನಲ್ಲಿ ತೊಡಗಿ ಏಳು ಕಂತುಗಳಲ್ಲಿ ಮುಗಿದ ಡೇಲೆಕ್ಕರ ಕಥೆ ನನ್ನನ್ನು ಕಾಡುತ್ತಲೇ ಇದೆ. ಬರೆದವನು ಟೆರಿ ನೇಷನ್.

ಸ್ಕಾರೋ ಗ್ರಹದ ಥಾಲರು ಹಿಂದೆ ಯೋಧರೇ; ಮಹಾಯುದ್ಧವೊಂದು ನೆಲವನ್ನು ಸುಟ್ಟ ಮೇಲೆ ಆಯುಧ ತೊರೆದವರು. ಸ್ನೇಹ ಬಯಸಿ ಡೇಲೆಕ್ಕರ ನಗರಕ್ಕೆ ಹೋದ ನಾಯಕ ಟೆಮ್ಮೋಸಸ್ ಅಲ್ಲಿಯೇ ಹತನಾದ. ಆದರೂ ಥಾಲರು ಕೈಯೆತ್ತಲೊಲ್ಲರು. ಆಗ ಭೂಮಿಯಿಂದ ಬಂದ ಇಯಾನ್ ಎಂಬ ವಿಜ್ಞಾನದ ಮೇಷ್ಟರು ಡಯೋನಿ ಎಂಬ ತರುಣಿಯನ್ನು ಹಿಡಿದೆಳೆದು, ಇವಳನ್ನು ಡೇಲೆಕ್ಕರಿಗೆ ಒಪ್ಪಿಸುತ್ತೇನೆ ಎನ್ನುತ್ತಾನೆ. ಅಲಿಡಾನ್ ಒಂದೇ ಏಟಿಗೆ ಅವನನ್ನು ಕೆಡವುತ್ತಾನೆ.

ಪಾಠವೇನೋ ತಲೆಗೆ ಹತ್ತಿತು. ಆದರೆ ಮೇಷ್ಟರ ಜಾತಿಯವನೇ ಆದ ನನಗೆ ಅನುಮಾನ. ಅವರ ನೌಕೆಯ ಬಿಡಿಭಾಗವೊಂದು ಶತ್ರುನಗರದಲ್ಲಿ ಉಳಿದಿತ್ತು. ಅದಿಲ್ಲದೆ ಅವರು ಹೊರಡುವಂತಿರಲಿಲ್ಲ. ಯುದ್ಧ ಕಲಿಸಿದವರಿಗೆ ಸ್ವಂತ ಗರಜೂ ಇತ್ತು! ಹಾಗೆಂದು ಡೇಲೆಕ್ಕರು ಥಾಲರನ್ನು ನಿರ್ನಾಮಮಾಡಲು ಹೊರಟದ್ದು ಸುಳ್ಳೇ? ಅದೂ ಅಲ್ಲ. ಅಲಿಡಾನ್ ತಪ್ಪಿದನೆನ್ನಲು ನನಗೆ ಬಾಯಿ ಬಾರದು.

ಗೆದ್ದ ಮೇಲೆ ಥಾಲರು ಹಿಗ್ಗುವುದಿಲ್ಲ. ಬೇರೆ ದಾರಿ ಇದ್ದಿದ್ದರೆ ಎಂದು ಮರುಗುತ್ತಾರೆ. ಆ ಮರುಕವನ್ನು ಯಾವ ಮೇಷ್ಟರೂ ಅವರಿಗೆ ಕಲಿಸಿದ್ದಲ್ಲ.