ಮಬ್ಬಾದ ಫ್ಲಾಸ್ಕು

ಸಿಲ್ವರ್ ನೈಟ್ರೇಟ್ ಕರಗಿದ ನೀರು ತಿಳಿಯಾಗಿರಬೇಕು. ಅವತ್ತು ನನ್ನ ಫ್ಲಾಸ್ಕಿನಲ್ಲಿ ಅದು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು.

ನೀರು ಪರೀಕ್ಷಿಸುವ ಲ್ಯಾಬಿಗೆ ಸೇರಿ ಎರಡನೇ ವರ್ಷ. ಅವಸರದಲ್ಲಿ ಡಿಸ್ಟಿಲ್ಡ್ ವಾಟರ್ ಬದಲು ಪಕ್ಕದ ನಲ್ಲಿ ನೀರಿನ ಕ್ಯಾನು ಬಗ್ಗಿಸಿದ್ದೆ. ನಲ್ಲಿ ನೀರಿನ ಕ್ಲೋರೈಡು ಬೆಳ್ಳಿಯನ್ನು ಹಿಡಿದು ಬಿಳಿ ಸಿಲ್ವರ್ ಕ್ಲೋರೈಡ್ ಆಗಿ ತಳಕ್ಕಿಳಿಯುತ್ತದೆ. ಇದು ನನಗೆ ಗೊತ್ತಿತ್ತು. ಆದರೆ ಬಾಟಲಿಯ ಮೇಲೆ ಶೇಕಡಾ 99.9 ಶುದ್ಧ ಎಂದಿದ್ದ ದುಬಾರಿ ಸಿಲ್ವರ್ ನೈಟ್ರೇಟ್ ಅದು. ಚೆಲ್ಲಲು ಕೈ ಬರಲಿಲ್ಲ. ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಕಂದು ಬಾಟಲಿಗೆ ಬಸಿದು ಚೀಟಿ ಅಂಟಿಸಿದೆ: 0.0141 ನಾರ್ಮಲ್.

ಉಳಿದ ಎಚ್ಚರವೆಲ್ಲ ಇತ್ತು. ಕೈಗವಸು ಹಾಕಿದ್ದೆ, ಒಂದು ಹನಿ ಚರ್ಮಕ್ಕೆ ತಾಗಿದರೂ ಬೆಳಕಿಗೆ ಕಪ್ಪಾಗಿ, ಚರ್ಮ ಸವೆಯುವವರೆಗೂ ಕಲೆ ಹೋಗುವುದಿಲ್ಲ. ಕಣ್ಣಿಗೆ ಬಿದ್ದರೆ ಸುಡುತ್ತದೆಂದು ಕನ್ನಡಕವನ್ನೂ ಹಾಕಿದ್ದೆ. ಬಾಟಲಿಯನ್ನು ಸ್ಪಿರಿಟ್, ಅಮೋನಿಯಾಗಳಿಂದ ದೂರ, ಕತ್ತಲ ಕಪಾಟಿನಲ್ಲಿಟ್ಟೆ. ಅಷ್ಟೂ ನನ್ನ ಮೈ ಕಾಯುವ ಜಾಗ್ರತೆ. ನಾವು ಪರೀಕ್ಷಿಸುವ ನೀರನ್ನು ಕುಡಿಯುವವರನ್ನು ಕಾಯಬೇಕಿದ್ದ ಒಂದೇ ಒಂದು ಪರೀಕ್ಷೆಯನ್ನು ಬಿಟ್ಟಿದ್ದೆ.

ನೀರಿನ ಕ್ಲೋರೈಡ್ ಅಳೆಯುವುದು ಈ ದ್ರಾವಣದಿಂದ. ಲೀಟರಿಗೆ 2.395 ಗ್ರಾಂ ಸಿಲ್ವರ್ ನೈಟ್ರೇಟ್ ಕರಗಿಸಿದರೆ ಒಂದು ಮಿಲಿಲೀಟರ್ ದ್ರಾವಣ 0.5 ಮಿಲಿಗ್ರಾಂ ಕ್ಲೋರೈಡಿಗೆ ಸರಿ. ಬೆಳ್ಳಿ ತಳಕ್ಕಿಳಿದು ದ್ರಾವಣ ಸಪ್ಪೆಯಾದರೆ, ಸೂಚಕವಾಗಿ ಹಾಕಿದ ಹಳದಿ ಕ್ರೋಮೇಟ್ ಇಟ್ಟಿಗೆ ಕೆಂಪಿಗೆ ತಿರುಗಲು ಹೆಚ್ಚು ಹನಿ ಬೇಕು. ಕಾಗದದ ಮೇಲೆ ಇಲ್ಲದ ಉಪ್ಪು ಏರುತ್ತದೆ. ಬಯಲುಸೀಮೆಯ ಒಂದೂರಿನ ಕೈಪಂಪಿನ ನೀರಿಗೆ ಲೀಟರಿಗೆ 1,040 ಮಿಲಿಗ್ರಾಂ ಎಂದು ಬರೆದುಕೊಟ್ಟೆ. ಕುಡಿಯಲು 250 ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 1,000ದವರೆಗೆ. ಕುಡಿಯಬಾರದೆಂದು ಪಂಪಿಗೆ ಕೆಂಪು ಬಣ್ಣ ಬಳಿದರು.

ಮೂರು ವಾರದ ಮೇಲೆ ನಮ್ಮ ಹಿರಿಯ ಮೇಡಂ ಆ ಬಾಟಲಿ ತೆಗೆದು, "ಇದನ್ನು ಉಪ್ಪಿಗೆ ಹೋಲಿಸಿ ನೋಡಿದ್ದೀಯೇನಪ್ಪ?" ಅಂದರು. 140 ಡಿಗ್ರಿಯಲ್ಲಿ ಒಣಗಿಸಿದ ಸೋಡಿಯಂ ಕ್ಲೋರೈಡಿನಿಂದ ಮಾಡಿದ, ಅಷ್ಟೇ ನಾರ್ಮಲ್ ದ್ರಾವಣ, ಹತ್ತು ಮಿಲಿ. ಬ್ಯುರೆಟ್ಟು ಹತ್ತಕ್ಕೆ ನಿಲ್ಲಬೇಕಿತ್ತು. 11.4ಕ್ಕೆ ನಿಂತಿತು. ಮೇಡಂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಲೆಕ್ಕ ಮಾಡಿದರೆ ಆ ಪಂಪಿನ ನೀರು 912ರ ಆಸುಪಾಸು. ಹೊಸ ದ್ರಾವಣದಲ್ಲಿ ಮತ್ತೆ ಪರೀಕ್ಷಿಸಿ, ಕಾಗದ ಹಿಡಿದು ನಾನೇ ಹೋದೆ. ಪಂಪಿನ ಹಿಡಿಯ ಮೇಲೆ ಜೇಡ ಬಲೆ ಕಟ್ಟಿತ್ತು. ತಪ್ಪು ನನ್ನದೆಂದು ಹೇಳಿದೆ. ದೂರದ ತೋಟದಿಂದ ಕೊಡ ಹೊತ್ತು ಬಂದ ಅಜ್ಜಿ ಅದನ್ನು ಕಟ್ಟೆಗಿಳಿಸಿ, "ಸವಳು ಅಂತ ನಮಗೂ ಗೊತ್ತಪ್ಪಾ, ಕುಡೀಬಹುದೋ ಬ್ಯಾಡವೋ ಅಷ್ಟು ಹೇಳು" ಅಂದಳು.